ದಿನ ತಪ್ಪಿದಾಗ ಕಾರ್ಡ್ ಸಾಕೇ, ರಕ್ತ ಪರೀಕ್ಷೆ ಬೇಕೇ, ಸ್ಕ್ಯಾನಿಂಗ್ ಯಾವಾಗ?

ಮುಟ್ಟಿನ ದಿನ ಮುಂದೆ ಹೋದ ಹೆಣ್ಣುಮಗಳಿಗೆ ಈಗ ದಾರಿಗಳು ಹಲವು. ಆಶಾ ಕಾರ್ಯಕರ್ತೆಯ ಬಳಿ ಮೂತ್ರ ಹಾಕಿ ಗರ್ಭ ನಿಂತಿದೆಯೇ ನೋಡುವ ಉಚಿತ ಕಾರ್ಡ್ ಸಿಗುತ್ತದೆ, ಮೆಡಿಕಲ್ ಅಂಗಡಿಯಲ್ಲಿ ಹಣ ಕೊಟ್ಟು ಕೊಳ್ಳುವ ಕಾರ್ಡ್ ಸಿಗುತ್ತದೆ. ಲ್ಯಾಬ್‌ನಲ್ಲಿ ಬೀಟಾ ಎಚ್‌ಸಿಜಿ ರಕ್ತ ಪರೀಕ್ಷೆ ಇದೆ. ಅದಕ್ಕೆ ಪ್ರೊಜೆಸ್ಟರಾನ್, ಥೈರಾಯ್ಡ್ ಸೇರಿಸಿ ಮಾಡಿದ ಪ್ಯಾಕೇಜುಗಳಿವೆ. ಕೊನೆಗೆ ಸ್ಕ್ಯಾನಿಂಗ್ ಇದೆ. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮೊದಲು, ಇವತ್ತು ನನಗೆ ಏನು ಗೊತ್ತಾಗಬೇಕಾಗಿದೆ ಎಂದು ಕೇಳಿಕೊಳ್ಳಬೇಕು. ಗರ್ಭ ನಿಂತಿದೆಯೇ ಎಂಬುದು ಒಂದು ಪ್ರಶ್ನೆ. ಅದು ಗರ್ಭಕೋಶದ ಒಳಗೇ ಇದೆಯೇ ಎಂಬುದು ಎರಡನೆಯದು. ಸರಿಯಾಗಿ ಬೆಳೆಯುತ್ತಿದೆಯೇ ಎಂಬುದು ಮೂರನೆಯದು. ಕಾರ್ಡ್ ಮೊದಲನೆಯದಕ್ಕೆ ಮಾತ್ರ ಉತ್ತರಿಸುತ್ತದೆ. ಸ್ಕ್ಯಾನಿಂಗ್ ಮೂರಕ್ಕೂ ಉತ್ತರಿಸುತ್ತದೆ, ಆದರೆ ಅದಕ್ಕೆ ಹೊತ್ತು ಕೂಡಿಬರಬೇಕು. ನಡುವಿನ ಎರಡು ಮೂರು ವಾರಗಳಲ್ಲಿ, ಕೆಲವರಿಗೆ ಮಾತ್ರ, ರಕ್ತ ಪರೀಕ್ಷೆ ಬೇಕಾಗುತ್ತದೆ. ಆ ಕೆಲವರಿಗೆ ಅದು ಜೀವ ಉಳಿಸುವ ಪರೀಕ್ಷೆ.

ನಾನು ಕಲಬುರಗಿಯ ಲ್ಯಾಬ್ ಒಂದರಲ್ಲಿ ರಕ್ತ ತೆಗೆಯುವ, ವರದಿ ಕೊಡುವ ಕೆಲಸ ಮಾಡುತ್ತೇನೆ. ಆಳಂದ, ಜೇವರ್ಗಿ, ಅಫಜಲಪುರ, ಅತ್ತ ಶಹಾಪುರ, ಸುರಪುರದಿಂದ ಬಸ್ ಹತ್ತಿ ಬಂದವರು ವರದಿಯ ಹಾಳೆ ಹಿಡಿದು, "ಅಕ್ಕಾ, ಇದು ನಾರ್ಮಲ್ ಇದೆಯೇ?" ಎಂದು ಕೇಳುತ್ತಾರೆ. ಒಂದು ದಿನದ ಕೂಲಿ, ಬಸ್ ಚಾರ್ಜು, ಪರೀಕ್ಷೆಯ ಹಣ ಎಲ್ಲವನ್ನೂ ಸುರಿದು ಪಡೆದ ಆ ಒಂದೇ ಅಂಕಿಯಿಂದ ಎಷ್ಟೋ ಸಲ ಏನನ್ನೂ ಹೇಳಲಾಗುವುದಿಲ್ಲ. ಅದೇ ಹಣವನ್ನು ಹತ್ತು ದಿನ ತಡೆದು ಸ್ಕ್ಯಾನಿಂಗ್‌ಗೆ ಇಟ್ಟಿದ್ದರೆ ಮಗುವಿನ ಎದೆಬಡಿತವನ್ನೇ ನೋಡಿ ಬರಬಹುದಿತ್ತು. ಈ ಬರಹ ಅವರಿಗಾಗಿ.

ಹಾರ್ಮೋನು ಯಾವಾಗ ಹುಟ್ಟುತ್ತದೆ, ವಾರ ಹೇಗೆ ಎಣಿಸುತ್ತಾರೆ

ಕಾರ್ಡ್ ಆಗಲಿ ಬೀಟಾ ಆಗಲಿ, ಹುಡುಕುವುದು ಎಚ್‌ಸಿಜಿ ಎಂಬ ಒಂದೇ ಹಾರ್ಮೋನನ್ನು. ಗಂಡ ಹೆಂಡತಿ ಕೂಡಿದ ಮರುದಿನ ಇದು ಇರುವುದಿಲ್ಲ. ಅಂಡ ಬಿಡುಗಡೆಯಾದ ಆರರಿಂದ ಹನ್ನೆರಡು ದಿನಗಳ ನಡುವೆ ಭ್ರೂಣವು ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಮುಂದೆ ಮಾಸು ಆಗಬೇಕಾದ ಜೀವಕೋಶಗಳು ಆಮೇಲೆ ಎಚ್‌ಸಿಜಿಯನ್ನು ರಕ್ತಕ್ಕೆ ಬಿಡತೊಡಗುತ್ತವೆ. ಅಂಡಾಶಯವು ಪ್ರೊಜೆಸ್ಟರಾನ್ ಉತ್ಪಾದನೆ ನಿಲ್ಲಿಸದಂತೆ ನೋಡಿಕೊಳ್ಳುವುದು ಇದರ ಕೆಲಸ. ಪ್ರೊಜೆಸ್ಟರಾನ್ ಇಳಿಯದೆ ಇರುವುದರಿಂದಲೇ ಆ ತಿಂಗಳು ಮುಟ್ಟಾಗುವುದಿಲ್ಲ. ಹಾರ್ಮೋನು ಮೊದಲು ರಕ್ತದಲ್ಲಿ, ಒಂದೆರಡು ದಿನ ಬಿಟ್ಟು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ.

ವಾರಗಳ ಲೆಕ್ಕದ ಬಗ್ಗೆ ಇಲ್ಲೇ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಇದರಿಂದ ಮನೆ ಒಡೆಯುವ ಮಟ್ಟದ ಮಾತುಗಳು ಬರುತ್ತವೆ. ವೈದ್ಯರು, ಲ್ಯಾಬ್, ಸ್ಕ್ಯಾನಿಂಗ್ ಯಂತ್ರ ಎಲ್ಲವೂ ಗರ್ಭದ ವಾರಗಳನ್ನು ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ನಿಜವಾಗಿ ಗರ್ಭ ಕಟ್ಟುವುದು ಅದಾಗಿ ಸುಮಾರು ಎರಡು ವಾರಗಳ ನಂತರ. ಯಾದಗಿರಿ, ಕಲಬುರಗಿ ಹಳ್ಳಿಗಳ ಎಷ್ಟೋ ಗಂಡಸರು ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಹೋಗಿರುತ್ತಾರೆ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದು ನಾಲ್ಕು ವಾರವಾಗಿರುತ್ತದೆ. ಸ್ಕ್ಯಾನಿಂಗ್ ವರದಿಯಲ್ಲಿ ಆರು ವಾರ ಎಂದಿರುತ್ತದೆ. ಮನೆಯ ಹಿರಿಯರು ಬೆರಳು ಮಡಚಿ ಲೆಕ್ಕ ಹಾಕಿ ಸೊಸೆಯ ಮುಖ ನೋಡುತ್ತಾರೆ. ಆ ಎರಡು ವಾರ ಹೆಚ್ಚು ಬಂದದ್ದು ಎಣಿಸುವ ರೀತಿಯಿಂದ. ಆರು ವಾರ ಎಂದರೆ ಗರ್ಭ ಕಟ್ಟಿ ನಾಲ್ಕು ವಾರ, ಅಂದರೆ ಲೆಕ್ಕ ಸರಿಯಾಗಿಯೇ ಇದೆ. ವರದಿ ಕೊಡುವಾಗ ಇದನ್ನು ಒಂದು ಸಲ ಬಾಯಿಬಿಟ್ಟು ಹೇಳುವುದು ನನ್ನ ಕೆಲಸದ ಭಾಗ ಎಂದೇ ನಾನು ತಿಳಿದಿದ್ದೇನೆ.

ಮೂತ್ರದ ಕಾರ್ಡ್

ಎಲ್ಲರೂ ಶುರು ಮಾಡಬೇಕಾದದ್ದು ಇಲ್ಲಿಂದಲೇ. ದವಾಖಾನೆಯಲ್ಲಿ ಇದನ್ನು ಯುಪಿಟಿ ಎನ್ನುತ್ತಾರೆ. ಅಂಗಡಿಯಲ್ಲಿ ಪ್ರೆಗಾ ನ್ಯೂಸ್, ಐ-ಕ್ಯಾನ್, ವೆಲಾಸಿಟ್ ಮುಂತಾದ ಹೆಸರುಗಳಲ್ಲಿ ಸಿಗುತ್ತದೆ. ಸರ್ಕಾರದ ನಿಶ್ಚಯ್ ಕಾರ್ಡ್ ಆಶಾ ಕಾರ್ಯಕರ್ತೆಯ ಮೂಲಕ, ಉಪಕೇಂದ್ರದಲ್ಲಿ ಸಿಗುತ್ತದೆ. ಕೆಲಸ ಮಾಡುವ ವಿಧಾನ ಎಲ್ಲದರಲ್ಲೂ ಒಂದೇ. ಹೆಚ್ಚು ಬೆಲೆಯ ಕಾರ್ಡ್ ಹೆಚ್ಚು ನಿಜ ಹೇಳುತ್ತದೆ ಎಂದೇನೂ ಇಲ್ಲ. ಸಾಮಾನ್ಯ ಕಾರ್ಡ್‌ಗಳು ಮಿಲಿಲೀಟರಿಗೆ 25 ಮಿಲಿ ಯೂನಿಟ್ ಎಚ್‌ಸಿಜಿ ಇದ್ದರೆ ಗುರುತಿಸುತ್ತವೆ. ಮುಟ್ಟಿನ ದಿನ ತಪ್ಪಿ ಒಂದು ವಾರವಾದ ಹೊತ್ತಿಗೆ ಬಹುತೇಕ ಗರ್ಭಿಣಿಯರಲ್ಲಿ ಅದಕ್ಕಿಂತ ಬಹಳ ಹೆಚ್ಚೇ ಇರುತ್ತದೆ.

ಮಾಡುವಾಗ ತಪ್ಪುಗಳು ಆಗುವುದು ಸಣ್ಣ ಸಣ್ಣ ಜಾಗಗಳಲ್ಲಿ. ಬೆಳಗ್ಗೆ ಎದ್ದ ಕೂಡಲೇ ಹೋಗುವ ಮೂತ್ರವನ್ನು ಒಣಗಿದ, ಸೋಪಿನ ಪಸೆ ಇಲ್ಲದ ಬಟ್ಟಲಲ್ಲಿ ಹಿಡಿಯಬೇಕು. ಪೊಟ್ಟಣವನ್ನು ಆ ಮೇಲಷ್ಟೇ ಹರಿಯಬೇಕು. ಒಳಗಿರುವ ಪ್ಲಾಸ್ಟಿಕ್ ಡ್ರಾಪರ್‌ನಿಂದ ಕಾರ್ಡಿನ ದುಂಡನೆಯ ಗುಂಡಿಗೆ ಎರಡು ಮೂರು ಹನಿ ಸಾಕು. ಎಷ್ಟು ಹನಿ ಎಂಬುದು ಪೊಟ್ಟಣದ ಮೇಲೆ ಬರೆದಿರುತ್ತದೆ. ಗುಂಡಿ ತುಂಬಿ ಹರಿಯುವಂತೆ ಸುರಿದರೆ ಗೆರೆ ಬರುವ ಜಾಗವೆಲ್ಲ ಕೆಂಪಗೆ ಹರಡಿಕೊಂಡು ಏನೂ ತಿಳಿಯುವುದಿಲ್ಲ. ಕಾರ್ಡನ್ನು ಸಮತಟ್ಟಾದ ಕಡೆ ಇಟ್ಟು ಗಡಿಯಾರ ನೋಡಿ, ಐದು ನಿಮಿಷಕ್ಕೆ ಓದಿ. ಸಿ ಎದುರಿನ ಗೆರೆ ಬಂದರೆ ಕಾರ್ಡ್ ಕೆಲಸ ಮಾಡಿದೆ ಎಂದರ್ಥ. ಅದು ಬರದಿದ್ದರೆ ಟಿ ಎದುರು ಏನೇ ಬಂದಿದ್ದರೂ ಆ ಕಾರ್ಡ್ ಹಾಳು.

ಎಲ್ಲರನ್ನೂ ಕಾಡುವುದು ಟಿ ಎದುರಿನ ತೆಳು ಗೆರೆ. ಐದು ನಿಮಿಷದೊಳಗೆ ಬಂದ ಗೆರೆ ಎಷ್ಟೇ ತೆಳುವಾಗಿರಲಿ, ಅದಕ್ಕೆ ಗುಲಾಬಿ ಬಣ್ಣವಿದ್ದರೆ ಪಾಸಿಟಿವ್ ಎಂದೇ ತಿಳಿಯಬೇಕು. ಅರ್ಧ ಗಂಟೆ ಬಿಟ್ಟು ನೋಡಿದಾಗ ಕಾಣುವ ಬೂದು ಬಣ್ಣದ, ನೆರಳಿನಂಥ ಗೆರೆ ಮೂತ್ರ ಒಣಗಿದ ಗುರುತು. ಬೆಳಗ್ಗೆ ನೆಗೆಟಿವ್ ಎಂದು ಮೂಲೆಗೆ ಎಸೆದ ಕಾರ್ಡನ್ನು ಸಂಜೆ ಅತ್ತಿಗೆಯೋ ನಾದಿನಿಯೋ ಎತ್ತಿ ನೋಡಿ, "ಎರಡು ಗೆರೆ ಇದೆಯಲ್ಲ ವೈನಿ" ಎಂದು ಕುಣಿದಾಡಿದ್ದುಂಟು. ಆ ಓದಿಗೆ ಬೆಲೆಯಿಲ್ಲ. ಅನುಮಾನವಿದ್ದರೆ ಎರಡು ಮೂರು ದಿನ ಬಿಟ್ಟು ಹೊಸ ಕಾರ್ಡಿನಲ್ಲಿ ನೋಡಿ. ಗರ್ಭ ನಿಂತಿದ್ದರೆ ಅಷ್ಟರಲ್ಲಿ ಹಾರ್ಮೋನು ಏರಿ ಗೆರೆ ಗಾಢವಾಗಿರುತ್ತದೆ.

ನಮ್ಮ ಬಿಸಿಲಿನ ಮಾತೂ ಇದೆ. ಹೆಚ್ಚಿನ ಕಾರ್ಡ್‌ಗಳನ್ನು 30 ಡಿಗ್ರಿಯೊಳಗೆ ಇಡಬೇಕು ಎಂದು ಪೊಟ್ಟಣದ ಮೇಲೆಯೇ ಬರೆದಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42 ಡಿಗ್ರಿ ದಾಟುತ್ತದೆ. ತಗಡಿನ ಮನೆಯ ಗೂಡಿನಲ್ಲಿ, ಗಾಡಿಯ ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಕಾರ್ಡನ್ನು ನಂಬಬೇಡಿ. ಬೇಕಾದಾಗ ತಾರೀಖು ನೋಡಿ ಕೊಳ್ಳಿ. ಬೇಸಿಗೆಯಲ್ಲಿ ದಿನವಿಡೀ ತಂಬಿಗೆಗಟ್ಟಲೆ ನೀರು ಕುಡಿದ ಮೇಲಿನ ಮೂತ್ರ ತೀರಾ ತೆಳುವಾಗಿರುತ್ತದೆ. ಆಗಷ್ಟೇ ನಿಂತ ಗರ್ಭವಾದರೆ ಅದರಲ್ಲಿ ಸಿಕ್ಕದೆ ಹೋಗಬಹುದು. ಬೆಳಗಿನ ಮೂತ್ರವೇ ಬೇಕೆನ್ನುವುದು ಇದಕ್ಕಾಗಿ.

ನೆಗೆಟಿವ್ ಬಂದರೂ ಗರ್ಭ ಇರಬಹುದಾದ ಮುಖ್ಯ ಕಾರಣ ಅವಸರ. ಮುಟ್ಟು ಕ್ರಮವಾಗಿ ಆಗದವರಿಗೆ, ಪಿಸಿಒಡಿ ಎಂಬ ಅಂಡಾಶಯದ ತೊಂದರೆ ಇದೆ ಎಂದು ಹೇಳಿಸಿಕೊಂಡವರಿಗೆ, ಹಾಲುಣಿಸುತ್ತಿರುವ ತಾಯಂದಿರಿಗೆ ಯಾವ ದಿನ ತಪ್ಪಿತು ಎಂದೇ ಗೊತ್ತಾಗುವುದಿಲ್ಲ. ಅವರು ಕೊನೆಯ ಸಲ ಕೂಡಿದ ದಿನದಿಂದ 21 ದಿನ ಬಿಟ್ಟು ಪರೀಕ್ಷಿಸಿದರೆ ಉತ್ತರವನ್ನು ನಂಬಬಹುದು. ಪಾಸಿಟಿವ್ ಬಂದರೂ ಹೊಸ ಗರ್ಭ ಇಲ್ಲದಿರುವ ಸಂದರ್ಭಗಳು ಕಡಿಮೆ, ಆದರೆ ಇವೆ. ಇತ್ತೀಚೆಗೆ ಗರ್ಭಪಾತವಾಗಿದ್ದರೆ ಹಳೆಯ ಹಾರ್ಮೋನು ಕರಗಲು ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಮಕ್ಕಳಾಗುವ ಚಿಕಿತ್ಸೆಯಲ್ಲಿ ಅಂಡ ಬಿಡುಗಡೆಗೆ ಕೊಡುವ ಇಂಜೆಕ್ಷನ್ನೇ ಎಚ್‌ಸಿಜಿ ಆಗಿರುವುದುಂಟು. ಅದು ಮೈಯಲ್ಲಿ ಹತ್ತರಿಂದ ಹದಿನಾಲ್ಕು ದಿನ ಉಳಿಯುತ್ತದೆ. ಅಂಥವರು ಚಿಕಿತ್ಸೆ ಕೊಟ್ಟವರು ಹೇಳಿದ ದಿನಕ್ಕಿಂತ ಮೊದಲು ಕಾರ್ಡ್ ಮುಟ್ಟಲೇಬಾರದು.

ಲ್ಯಾಬ್‌ನಲ್ಲಿ ಮಾಡುವ ಮೂತ್ರ ಪರೀಕ್ಷೆಯ ಬಗ್ಗೆ ಒಂದೇ ಮಾತು. ಅಲ್ಲೂ ಇಂಥದ್ದೇ ಕಾರ್ಡ್ ಬಳಸುತ್ತಾರೆ. ವರದಿಯ ಹಾಳೆ ಬೇಕಾದವರು ಮಾಡಿಸಿಕೊಳ್ಳಲಿ, ಉಳಿದವರು ಅದಕ್ಕೆಂದು ಊರಿಂದ ಬರಬೇಕಾಗಿಲ್ಲ.

ರಕ್ತದ ಬೀಟಾ ಎಚ್‌ಸಿಜಿ

ಇದಕ್ಕೆ ಬರಿಹೊಟ್ಟೆ ಬೇಕಿಲ್ಲ, ದಿನದ ಯಾವ ಹೊತ್ತಿಗಾದರೂ ರಕ್ತ ಕೊಡಬಹುದು. ಕಾರ್ಡ್ ಹೌದು, ಇಲ್ಲ ಎನ್ನುತ್ತದೆ. ಬೀಟಾ ಎಷ್ಟು ಎಂದು ಹೇಳುತ್ತದೆ. 5ಕ್ಕಿಂತ ಕಡಿಮೆ ಇದ್ದರೆ ಗರ್ಭವಿಲ್ಲ, 25 ದಾಟಿದರೆ ಇದೆ, ನಡುವೆ ಬಂದರೆ ಎರಡು ದಿನ ಬಿಟ್ಟು ಮತ್ತೆ ನೋಡಬೇಕು. ಇಷ್ಟನ್ನು ತಿಳಿಯುವುದಕ್ಕಷ್ಟೇ ಆದರೆ ಕಾರ್ಡೇ ಸಾಕಿತ್ತು.

ವರದಿಯಲ್ಲಿ ನಿಮ್ಮ ಅಂಕಿಯ ಪಕ್ಕ ಅಥವಾ ಕೆಳಗೆ ವಾರವಾರದ ಪಟ್ಟಿ ಇರುತ್ತದೆ. ಕಣ್ಣು ಅಲ್ಲಿಗೇ ಹೋಗುತ್ತದೆ. ಬಹಳ ಕಡೆ ಬಳಕೆಯಲ್ಲಿರುವ ಒಂದು ಪಟ್ಟಿಯ ಪ್ರಕಾರ ನಾಲ್ಕನೆಯ ವಾರಕ್ಕೆ 5ರಿಂದ 426, ಐದನೆಯ ವಾರಕ್ಕೆ 18ರಿಂದ 7,340, ಆರನೆಯ ವಾರಕ್ಕೆ 1,080ರಿಂದ 56,500, ಏಳು ಎಂಟನೆಯ ವಾರಕ್ಕೆ 7,650ರಿಂದ 2,29,000. ಈ ಅಂಕಿಗಳನ್ನು ಸಾವಕಾಶವಾಗಿ ಓದಿ. ಐದನೆಯ ವಾರದಲ್ಲಿ 18 ಬಂದವಳೂ ಸರಿ, 7,340 ಬಂದವಳೂ ಸರಿ. ಇಷ್ಟು ಅಗಲದ ಪಟ್ಟಿಯಲ್ಲಿ ನಿಮ್ಮ ಒಂದು ಅಂಕಿಯನ್ನು ಇಟ್ಟು ಗರ್ಭ ಚೆನ್ನಾಗಿದೆ, ಚೆನ್ನಾಗಿಲ್ಲ ಎಂದು ಯಾರೂ ಹೇಳಲಾರರು. ಅಂಕಿಯಿಂದ ವಾರ ಲೆಕ್ಕ ಹಾಕುವುದೂ ತಪ್ಪು. ಎಂಟರಿಂದ ಹನ್ನೊಂದನೆಯ ವಾರದ ಹೊತ್ತಿಗೆ ತುದಿ ಮುಟ್ಟಿದ ಹಾರ್ಮೋನು ಆಮೇಲೆ ತಾನಾಗಿಯೇ ಇಳಿಯುತ್ತದೆ. ಮೂರು ತಿಂಗಳು ತುಂಬಿದ ಮೇಲೆ ಬೀಟಾ ಮಾಡಿಸಿ, ಕಡಿಮೆಯಾಗಿದೆ ಎಂದು ಅಳುತ್ತ ಬಂದವರಿಗೆ ಇದನ್ನೇ ಹೇಳಬೇಕಾಗುತ್ತದೆ.

ಬೀಟಾ ಹೆಚ್ಚು ಬಂದರೆ ಹೆಣ್ಣು, ಕಡಿಮೆ ಬಂದರೆ ಗಂಡು ಎಂಬ ಮಾತು ಓಡಾಡುತ್ತದೆ. ಅಂಕಿ ನೋಡಿ ಮಗು ಹೆಣ್ಣೋ ಗಂಡೋ ಹೇಳಲು ಬರುವುದಿಲ್ಲ. ಅವಳಿ ಗರ್ಭದಲ್ಲಿ ಸರಾಸರಿಯಾಗಿ ಹೆಚ್ಚಿರುತ್ತದೆ, ಆದರೂ ಅವಳಿಯನ್ನು ತಿಳಿಸುವುದು ಸ್ಕ್ಯಾನಿಂಗ್ ಮಾತ್ರ.

ಹಾಗಾದರೆ ಈ ಪರೀಕ್ಷೆ ಯಾರಿಗೆ? ಹೊಟ್ಟೆ ನೋವು ಅಥವಾ ರಕ್ತ ಕಾಣಿಸಿಕೊಂಡು, ಸ್ಕ್ಯಾನಿಂಗ್‌ನಲ್ಲಿ ಗರ್ಭ ಎಲ್ಲಿದೆ ಎಂದು ಕಾಣದವರಿಗೆ. ಹಿಂದೆ ಗರ್ಭನಾಳದಲ್ಲಿ, ಅಂದರೆ ಅಂಡವು ಗರ್ಭಕೋಶಕ್ಕೆ ಬರುವ ನಾಳದಲ್ಲೇ, ಗರ್ಭ ನಿಂತಿದ್ದವರಿಗೆ. ಮೇಲಿಂದ ಮೇಲೆ ಗರ್ಭಪಾತವಾದವರಿಗೆ, ವೈದ್ಯರು ಬೇಕೆಂದಾಗ. ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವ ಐವಿಎಫ್ ಚಿಕಿತ್ಸೆ ಮಾಡಿಸಿಕೊಂಡವರಿಗೆ. ಗರ್ಭಕೋಶದಲ್ಲಿ ಮಗುವಿನ ಬದಲು ಗುಳ್ಳೆಗಳ ಗೊಂಚಲು ಬೆಳೆಯುವ ಮೋಲಾರ್ ಗರ್ಭ ತೆಗೆಸಿದವರಿಗಂತೂ ಇದು ಬಿಡುವಂತಿಲ್ಲ. ಅಂಕಿ ಪೂರ್ತಿ ಇಳಿಯುವವರೆಗೆ ವಾರವಾರ, ಆಮೇಲೂ ವೈದ್ಯರು ಹೇಳಿದಷ್ಟು ತಿಂಗಳು ನೋಡಬೇಕು. ಅವರಲ್ಲಿ ಕೆಲವರಿಗೆ ಅದು ಕ್ಯಾನ್ಸರ್ ಆಗಿ ತಿರುಗುವುದುಂಟು. ಬೇಗ ಸಿಕ್ಕರೆ ಬಹುತೇಕ ಪೂರ್ತಿ ಗುಣವಾಗುತ್ತದೆ. ಹೊಟ್ಟೆ ಹಗುರಾಯಿತು ಎಂದು ನಡುವೆ ಬಿಟ್ಟುಬಿಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಈ ಗುಂಪಿನಲ್ಲಿ ಬರುವವರಿಗೆ ಬೀಟಾ ಎಂದರೆ ಒಂದು ಪರೀಕ್ಷೆ ಎಂದು ತಿಳಿಯಬೇಡಿ, 48 ಗಂಟೆಗಳ ಅಂತರದ ಎರಡು ಪರೀಕ್ಷೆ ಎಂದು ತಿಳಿಯಿರಿ. ಉತ್ತರ ಇರುವುದು ಏರಿಕೆಯಲ್ಲಿ. ಎರಡು ದಿನಕ್ಕೆ ದುಪ್ಪಟ್ಟಾಗಬೇಕು ಎಂಬ ಹಳೆಯ ಸೂತ್ರ ಎಲ್ಲರ ಬಾಯಲ್ಲಿದೆ, ಅದು ಅನೇಕರನ್ನು ವಿನಾಕಾರಣ ಹೆದರಿಸುತ್ತದೆ. ಅಮೆರಿಕದ ಪ್ರಸೂತಿ ತಜ್ಞರ ಕಾಲೇಜು 2018ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಮೊದಲ ಅಂಕಿ 1,500ಕ್ಕಿಂತ ಕಡಿಮೆ ಇದ್ದಾಗ ಕನಿಷ್ಠ ಶೇ 49, 1,500ರಿಂದ 3,000 ಇದ್ದಾಗ ಶೇ 40, ಅದಕ್ಕೂ ಮೇಲಿದ್ದರೆ ಶೇ 33 ಏರಿದರೂ ಒಳ್ಳೆಯ ಗರ್ಭವಾಗಿರಬಹುದು. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ 312, ಬುಧವಾರ ಒಂಬತ್ತಕ್ಕೆ 498 ಬಂದಿತು ಎನ್ನಿ. ದುಪ್ಪಟ್ಟಾಗಿಲ್ಲ, ಆದರೆ ಶೇ 60ರಷ್ಟು ಏರಿದೆ, ವೈದ್ಯರು ಹೇಳಿದ ಮುಂದಿನ ಸ್ಕ್ಯಾನಿಂಗ್‌ಗೆ ಕಾಯಬಹುದು. 1,240 ಇದ್ದದ್ದು 1,365 ಆಯಿತು ಎನ್ನಿ. ಏರಿದೆಯಲ್ಲ ಎಂದು ಸಮಾಧಾನಪಡುವಂತಿಲ್ಲ, ಅದು ಶೇ 10 ಮಾತ್ರ. ಆ ವರದಿ ಹಿಡಿದು ಅದೇ ದಿನ ವೈದ್ಯರನ್ನು ಕಾಣಬೇಕು. ಅಂಕಿ ಇಳಿಯುತ್ತ ಬಂದರೆ ಸಾಮಾನ್ಯವಾಗಿ ಆ ಗರ್ಭ ಉಳಿಯುವುದಿಲ್ಲ. ಆಗಲೂ ಪೂರ್ತಿ ಇಳಿಯುವ ತನಕ ವೈದ್ಯರ ನಿಗಾ ಬೇಕು.

ಎರಡೂ ಸಲ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಒಂದು ಲ್ಯಾಬಿನ ಯಂತ್ರಕ್ಕೂ ಇನ್ನೊಂದಕ್ಕೂ ಅಂಕಿಯಲ್ಲಿ ವ್ಯತ್ಯಾಸ ಬರುತ್ತದೆ. ಮೊದಲ ದಿನ ಸುರಪುರದಲ್ಲಿ, ಎರಡನೆಯದು ಸೊಲ್ಲಾಪುರದಲ್ಲಿ ಮಾಡಿಸಿದರೆ ಹೋಲಿಕೆಗೆ ಅರ್ಥವಿಲ್ಲ. ರಕ್ತ ಕೊಟ್ಟ ಗಂಟೆಯನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ಬಸ್ ತಪ್ಪಿ ಬುಧವಾರ ಬೆಳಗ್ಗೆ ಬರಬೇಕಾದವರು ಸಂಜೆ ಬಂದರೆ 48 ಗಂಟೆ 56 ಆಗಿರುತ್ತದೆ, ವೈದ್ಯರು ಅದನ್ನು ಲೆಕ್ಕಕ್ಕೆ ಹಿಡಿಯಬೇಕು. ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುವವರು ರಕ್ತ ಕೊಡುವ ಮೊದಲೇ ಹೇಳಿಬಿಡಿ. ಕೆಲವು ಯಂತ್ರಗಳಲ್ಲಿ ಅದು ಬೀಟಾವನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಯಾವ ಅಂಕಿಗೂ ಕಾಯಬಾರದ ಹೊತ್ತು

ಕಾರ್ಡ್ ಪಾಸಿಟಿವ್ ಬಂದಿದೆ ಎಂದರೆ ಗರ್ಭ ಎಲ್ಲೋ ಒಂದು ಕಡೆ ಇದೆ ಎಂದಷ್ಟೇ. ನೂರರಲ್ಲಿ ಒಂದೆರಡು ಗರ್ಭಗಳು ಗರ್ಭಕೋಶ ತಲುಪದೆ, ಹೆಚ್ಚಾಗಿ ಗರ್ಭನಾಳದಲ್ಲೇ, ಬೆಳೆಯತೊಡಗುತ್ತವೆ. ಕಾರ್ಡಿನಲ್ಲಿ ಎರಡು ಗೆರೆಯೇ ಬರುತ್ತದೆ. ಬೀಟಾ ಸಾಮಾನ್ಯವಾಗಿ ನಿಧಾನವಾಗಿ ಏರುತ್ತದೆ, ಕೆಲವರಲ್ಲಿ ಸರಿಯಾಗಿಯೇ ಏರಿ ಮೋಸ ಮಾಡುತ್ತದೆ. ಆರರಿಂದ ಎಂಟನೆಯ ವಾರದ ಸುಮಾರಿಗೆ ನಾಳ ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯಬಹುದು. ಕೆಳಹೊಟ್ಟೆಯ ಒಂದು ಬದಿಯಲ್ಲಿ ಚುಚ್ಚುವ ನೋವು, ಹನಿ ಹನಿ ಕಪ್ಪು ರಕ್ತ, ಭುಜದ ತುದಿಯಲ್ಲಿ ಕಾರಣವಿಲ್ಲದ ನೋವು, ಕಣ್ಣು ಕತ್ತಲೆ ಬಂದು ಬೀಳುವುದು: ಇವುಗಳಲ್ಲಿ ಒಂದು ಕಂಡರೂ ಲ್ಯಾಬ್ ಹುಡುಕಬೇಡಿ, 108ಕ್ಕೆ ಕರೆ ಮಾಡಿ. ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ರಾತ್ರಿ ಎಷ್ಟು ಹೊತ್ತಾದರೂ ಅಲ್ಲಿಗೆ ಹೋಗಬೇಕು.

ನಮ್ಮ ಜಿಲ್ಲೆಗಳಲ್ಲಿ ಎರಡು ಮಕ್ಕಳಾದ ಕೂಡಲೇ, ಇಪ್ಪತ್ತೈದರ ಒಳಗೇ, ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಂಡ ತಾಯಂದಿರು ಬಹಳ. ಆಪರೇಷನ್ ಆಗಿದೆ, ಗರ್ಭ ನಿಲ್ಲಲು ಸಾಧ್ಯವೇ ಇಲ್ಲ ಎಂದು ಅವರು ಮುಟ್ಟು ತಪ್ಪಿದರೂ ಸುಮ್ಮನಿರುತ್ತಾರೆ. ಆಪರೇಷನ್ ನಂತರ ಗರ್ಭ ನಿಲ್ಲುವುದು ಅಪರೂಪ ನಿಜ. ನಿಂತರೆ ಮಾತ್ರ ಅದು ನಾಳದಲ್ಲಿ ನಿಲ್ಲುವ ಸಾಧ್ಯತೆ ಬಹಳ ಹೆಚ್ಚು, ಸುಮಾರು ಮೂರರಲ್ಲಿ ಒಂದು. ಕಾಪರ್-ಟಿ ಹಾಕಿಸಿಕೊಂಡವರಿಗೂ ಇದೇ ಎಚ್ಚರ ಬೇಕು. ಇವರಿಗೆ ಕಾರ್ಡ್ ಪಾಸಿಟಿವ್ ಬಂದ ದಿನವೇ ವೈದ್ಯರ ಬಳಿ ಹೋಗುವುದು ಸರಿಯಾದ ಆಯ್ಕೆ, ಏಳನೆಯ ವಾರದ ಸ್ಕ್ಯಾನಿಂಗ್‌ಗೆ ಕಾಯುವುದು ತಪ್ಪು.

ಬೇಡದ ಗರ್ಭವೆಂದು ಅಂಗಡಿಯಿಂದ ಮಾತ್ರೆ ತಂದು ನುಂಗುವವರಿಗೂ ಇದು ಅನ್ವಯಿಸುತ್ತದೆ. ಗರ್ಭಪಾತದ ಮಾತ್ರೆ ನಾಳದಲ್ಲಿರುವ ಗರ್ಭವನ್ನು ತೆಗೆಯುವುದಿಲ್ಲ. ರಕ್ತ ಹೋಯಿತು, ಎಲ್ಲ ಮುಗಿಯಿತು ಎಂದುಕೊಂಡಿರುವಾಗಲೇ ನಾಳ ಒಡೆಯಬಹುದು. ಕಾನೂನಿನ ಪ್ರಕಾರ ವೈದ್ಯರ ಮೂಲಕ, ಸರ್ಕಾರಿ ಆಸ್ಪತ್ರೆಯಲ್ಲೂ ಗರ್ಭಪಾತ ಮಾಡಿಸಿಕೊಳ್ಳಲು ಅವಕಾಶವಿದೆ. ಯಾರಿಗೂ ಹೆದರಿ ಅಂಗಡಿಯ ಮೊರೆ ಹೋಗಬೇಕಾಗಿಲ್ಲ.

ಸ್ಕ್ಯಾನಿಂಗ್

ಆರೋಗ್ಯವಾಗಿರುವ, ನೋವು ರಕ್ತ ಏನೂ ಇಲ್ಲದ ಹೆಣ್ಣುಮಗಳಿಗೆ ಕಾರ್ಡ್ ಆದ ಮೇಲೆ ನೇರವಾಗಿ ಸ್ಕ್ಯಾನಿಂಗ್, ನಡುವೆ ಬೀಟಾ ಬೇಡ. ಇದು ನನ್ನ ಖಚಿತ ಅಭಿಪ್ರಾಯ. ಹೊತ್ತು ಮಾತ್ರ ಸರಿಯಾಗಿರಬೇಕು. ಯೋನಿಯ ಒಳಗಿನಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಐದನೆಯ ವಾರಕ್ಕೆ ಗರ್ಭದ ಚೀಲ, ಐದೂವರೆ ವಾರಕ್ಕೆ ಅದರೊಳಗಿನ ಹಳದಿ ಚೀಲ, ಆರನೆಯ ವಾರಕ್ಕೆ ಎದೆಬಡಿತ ಕಾಣತೊಡಗುತ್ತದೆ. ಹೊಟ್ಟೆಯ ಮೇಲಿಂದ ಮಾಡಿದರೆ ಇನ್ನೊಂದು ವಾರ ತಡ. ಕಾರ್ಡ್ ಪಾಸಿಟಿವ್ ಬಂದ ಮರುದಿನವೇ ಓಡಿಬಂದು, ಏನೂ ಕಾಣುತ್ತಿಲ್ಲ ಎಂದು ಹೇಳಿಸಿಕೊಂಡು, ಕಣ್ಣೀರಿಟ್ಟು, ಮತ್ತೆ ಹಣ ಕೊಟ್ಟು ಮಾಡಿಸಿಕೊಳ್ಳುವುದಕ್ಕಿಂತ ಏಳನೆಯ ವಾರದ ಸುಮಾರಿಗೆ ಒಂದೇ ಸಲ ಮಾಡಿಸುವುದು ಲೇಸು. ಮುಟ್ಟು ತಡವಾಗಿ ಆಗುವವರಲ್ಲಿ ಗರ್ಭವೂ ತಡವಾಗಿ ಕಟ್ಟಿರುತ್ತದೆ. ಆರು ವಾರಕ್ಕೆ ಎದೆಬಡಿತ ಕಾಣಲಿಲ್ಲ ಎಂಬ ಮಾತ್ರಕ್ಕೆ ತೆಗೆಸುವ ಮಾತು ಬಂದರೆ, ಒಂದು ವಾರದಿಂದ ಹತ್ತು ದಿನ ಬಿಟ್ಟು ಮತ್ತೊಮ್ಮೆ ನೋಡೋಣವೇ ಎಂದು ಕೇಳುವ ಹಕ್ಕು ನಿಮಗಿದೆ. ಭ್ರೂಣ 7 ಮಿಲಿಮೀಟರ್ ಬೆಳೆದೂ ಎದೆಬಡಿತ ಇಲ್ಲದಿದ್ದರೆ ವೈದ್ಯರು ಗರ್ಭದ ಬೆಳವಣಿಗೆ ನಿಂತುಹೋಗಿದೆ ಎನ್ನುತ್ತಾರೆ.

ಬೀಟಾ ಮತ್ತು ಸ್ಕ್ಯಾನಿಂಗ್ ಕೈಕೂಡುವ ಒಂದು ಜಾಗವಿದೆ. ಬೀಟಾ 3,500 ದಾಟಿದ್ದರೂ ಒಳಗಿನ ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶ ಖಾಲಿ ಕಂಡರೆ ವೈದ್ಯರ ಗಮನ ನಾಳದ ಕಡೆ ತಿರುಗುತ್ತದೆ. ಆಗ ಅವರು ಎರಡನ್ನೂ ಮತ್ತೆ ಮಾಡಿಸಿ ಎಂದರೆ ಹಣ ಕೀಳಲು ಹೇಳುತ್ತಿದ್ದಾರೆ ಎಂದು ತಿಳಿಯಬೇಡಿ.

ಪ್ಯಾಕೇಜಿನಲ್ಲಿ ಸೇರಿಸುವ ಪರೀಕ್ಷೆಗಳು

ಪ್ರೊಜೆಸ್ಟರಾನ್ ಪರೀಕ್ಷೆಯನ್ನು ಎಲ್ಲರೂ ಮಾಡಿಸಬೇಕಾಗಿಲ್ಲ. ಮಿಲಿಲೀಟರಿಗೆ 20 ನ್ಯಾನೋಗ್ರಾಂ ದಾಟಿದರೆ ಧೈರ್ಯ, 5ಕ್ಕಿಂತ ಕಡಿಮೆಯಾದರೆ ಗರ್ಭ ಉಳಿಯುವ ಸಾಧ್ಯತೆ ತೀರಾ ಕಡಿಮೆ, ನಡುವೆ ಬಂದವರಿಗೆ ಅದರಿಂದ ಉತ್ತರವೇ ಸಿಗುವುದಿಲ್ಲ. ಗರ್ಭ ಎಲ್ಲಿದೆ ಎಂದು ಅದು ಹೇಳುವುದಿಲ್ಲ. ಈಗಾಗಲೇ ಪ್ರೊಜೆಸ್ಟರಾನ್ ಮಾತ್ರೆ ಇಟ್ಟುಕೊಳ್ಳುತ್ತಿದ್ದರೆ ಅಂಕಿ ಅದರಿಂದಲೇ ಏರಿರಬಹುದು. ಕೃತಕ ಪ್ರೊಜೆಸ್ಟರಾನ್ ಆದ ಡೈಡ್ರೊಜೆಸ್ಟರಾನ್ ಮಾತ್ರೆಯಾದರೆ ಈ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ.

ಥೈರಾಯ್ಡ್‌ನ ಟಿಎಸ್‌ಎಚ್ ಮಾತ್ರ ಬೆಲೆಯುಳ್ಳ ಪರೀಕ್ಷೆ. ಪ್ಯಾಕೇಜಿನಿಂದ ಒಂದನ್ನೇ ಆರಿಸಬೇಕೆಂದರೆ ನಾನು ಇದನ್ನು ಆರಿಸುತ್ತೇನೆ. ಮೊದಲೇ ಥೈರಾಯ್ಡ್ ಮಾತ್ರೆ ನುಂಗುವವರಿಗೆ ಗರ್ಭ ನಿಂತ ಕೂಡಲೇ ಸಾಮಾನ್ಯವಾಗಿ ಡೋಸ್ ಹೆಚ್ಚಿಸಬೇಕಾಗುತ್ತದೆ. ಅವರು ಮೊದಲ ತಪಾಸಣೆಗೆ ಕಾಯದೆ ವೈದ್ಯರಿಗೆ ತಿಳಿಸಬೇಕು. ಎಚ್‌ಸಿಜಿ ಥೈರಾಯ್ಡನ್ನೂ ಸ್ವಲ್ಪ ಚುರುಕುಗೊಳಿಸುವುದರಿಂದ ಮೊದಲ ಮೂರು ತಿಂಗಳಲ್ಲಿ ಟಿಎಸ್‌ಎಚ್ ತುಸು ಕೆಳಗೆ ಬರುವುದು ಸಹಜ, ಗರ್ಭಿಣಿಯರ ಮಟ್ಟದ ಪಟ್ಟಿಯೇ ಬೇರೆ.

ಡಬಲ್ ಮಾರ್ಕರ್ ಎಂದು ಬರೆದುಕೊಟ್ಟ ಚೀಟಿಗೆ ಬೀಟಾ ಮಾಡಿಸಿಕೊಂಡು ಹೋಗುವ ಗೊಂದಲ ಆಗಾಗ ಆಗುತ್ತದೆ. ಅದು 11 ವಾರದಿಂದ 13 ವಾರ 6 ದಿನದ ನಡುವೆ, ಸ್ಕ್ಯಾನಿಂಗ್ ಜೊತೆ ಮಾಡುವ ಪರೀಕ್ಷೆ. ಅದರಲ್ಲಿ ಫ್ರೀ ಬೀಟಾ ಎಂಬ ಭಾಗವನ್ನೂ ಪಾಪ್-ಎ ಎಂಬ ಇನ್ನೊಂದು ವಸ್ತುವನ್ನೂ ಅಳೆದು, ಮಗುವಿನ ಬುದ್ಧಿ ಬೆಳವಣಿಗೆ ನಿಧಾನವಾಗುವ ಡೌನ್ ಸಿಂಡ್ರೋಮಿನಂಥ ಹುಟ್ಟು ತೊಂದರೆಯ ಸಂಭವ ಎಷ್ಟು ಎಂದು ಲೆಕ್ಕ ಹಾಕುತ್ತಾರೆ. ಸಂಭವ ಹೆಚ್ಚು ಎಂದು ಬಂದರೆ ಮುಂದಿನ ಪರೀಕ್ಷೆ ಬೇಕು ಎಂದರ್ಥ, ಮಗುವಿಗೆ ತೊಂದರೆ ಇದೆ ಎಂದಲ್ಲ.

ಇಷ್ಟರಲ್ಲಿ ನಿಮಗೆ ಯಾವುದು

ದಿನ ತಪ್ಪಿ ಮೂರು ನಾಲ್ಕು ದಿನವಾಗಿದೆ, ಬೇರೆ ತೊಂದರೆ ಇಲ್ಲ, ಇರುವುದು ಹುಣಸಗಿಯಲ್ಲೋ ಔರಾದಿನಲ್ಲೋ ಎಂದಾದರೆ ಆಶಾ ಕಾರ್ಯಕರ್ತೆಯ ಕಾರ್ಡ್ ಸಾಕು. ಪಾಸಿಟಿವ್ ಬಂದ ದಿನವೇ ಅವರಿಗೆ ಹೇಳಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ, ಫೋಲಿಕ್ ಆಮ್ಲದ ಮಾತ್ರೆ ಶುರು ಮಾಡಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ವೈದ್ಯರಿಂದ ಉಚಿತ ತಪಾಸಣೆ ಇರುತ್ತದೆ, ಆ ದಿನ ಹೋಗಿ. ಕಾರ್ಡ್ ನೆಗೆಟಿವ್, ಮುಟ್ಟೂ ಇಲ್ಲ ಎಂದಾದರೆ ಒಂದು ವಾರ ಬಿಟ್ಟು ಮತ್ತೊಂದು ಕಾರ್ಡ್. ಆಗಲೂ ನೆಗೆಟಿವ್ ಆದರೆ ವೈದ್ಯರನ್ನು ಕಾಣಿ, ಮುಟ್ಟು ನಿಲ್ಲಲು ಥೈರಾಯ್ಡ್, ಪಿಸಿಒಡಿ, ತೀರಾ ಇಳಿದ ತೂಕ ಹೀಗೆ ಬೇರೆ ಕಾರಣಗಳಿವೆ. ಎರಡು ಮೂರು ತಿಂಗಳು ಕಳೆದು ಹೊಟ್ಟೆ ಬಂದಂತಿದೆ, ಆದರೆ ಕಾರ್ಡ್ ನೆಗೆಟಿವ್ ಎಂದಾದರೆ ಇನ್ನೊಂದು ಕಾರ್ಡ್ ಬೇಡ, ಸ್ಕ್ಯಾನಿಂಗ್ ಬೇಕು. ಹಾರ್ಮೋನು ಅತಿಯಾಗಿ ಹೆಚ್ಚಾದಾಗಲೂ ಕಾರ್ಡ್ ಸೋಲುವುದುಂಟು.

ಐವಿಎಫ್ ಆದವರು ಆಸ್ಪತ್ರೆ ಹೇಳಿದ ದಿನ ರಕ್ತ ಪರೀಕ್ಷೆಯನ್ನೇ ಮಾಡಿಸಲಿ. ಹೈದರಾಬಾದಿನಲ್ಲಿ ಚಿಕಿತ್ಸೆ ಪಡೆದು ಇಲ್ಲಿ ರಕ್ತ ಕೊಡುವವರು ಮುಂದಿನ ಎಲ್ಲ ಬೀಟಾಗಳನ್ನೂ ಇಲ್ಲಿಯ ಅದೇ ಲ್ಯಾಬ್‌ನಲ್ಲಿ ಮುಂದುವರಿಸಲಿ. ಗರ್ಭಪಾತವಾದವರು ಮೂರು ನಾಲ್ಕು ವಾರಕ್ಕೆ ಮೊದಲು ಕಾರ್ಡ್ ನೋಡಿ ಗಾಬರಿಯಾಗದಿರಲಿ. ನಾಲ್ಕು ವಾರದ ನಂತರವೂ ಗೆರೆ ಗಾಢವಾಗಿಯೇ ಬಂದರೆ ಆಗ ಬೀಟಾ ಮತ್ತು ಸ್ಕ್ಯಾನಿಂಗ್ ಎರಡೂ ಬೇಕು.

ಲ್ಯಾಬಿಗೆ ಬರುವಾಗ ಕೊನೆಯ ಮುಟ್ಟಿನ ಮೊದಲ ದಿನದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಅಮಾವಾಸ್ಯೆಯ ಹಿಂದಿನ ದಿನ, ಉರುಸಿನ ಮರುದಿನ ಎಂದು ನೆನಪಿದ್ದರೂ ಸಾಕು, ಕ್ಯಾಲೆಂಡರ್ ನೋಡಿ ತಾರೀಖು ಹಿಡಿಯೋಣ. ನುಂಗುತ್ತಿರುವ ಮಾತ್ರೆಗಳ ಖಾಲಿ ಹಾಳೆಗಳನ್ನೂ ತನ್ನಿ. ರಕ್ತ ಕಾಣಿಸಿಕೊಂಡು ಬೀಟಾಕ್ಕೆ ಬಂದವರು ಅದೇ ಸಲ ರಕ್ತದ ಗುಂಪನ್ನೂ ನೋಡಿಸಿಕೊಳ್ಳಿ. ಗುಂಪು ನೆಗೆಟಿವ್ ಇದ್ದರೆ, ಮುಂದಿನ ಗರ್ಭಕ್ಕೆ ತೊಂದರೆಯಾಗದಂತೆ ಕೊಡುವ ಆಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ವೈದ್ಯರು ನಿರ್ಧರಿಸಬೇಕು, ಬೇಕಾದರೆ ಅದನ್ನು 72 ಗಂಟೆಗಳೊಳಗೆ ಕೊಡಬೇಕು.